ದೋನ್ ಮೆಲಿತೋನನನ್ನು ನುಂಗಿದ ರಾಕ್ಷಸ

ನಮ್ಮೂರಿನ ದೋನ್ ಮೆಲಿತೋನ್ ಕಡ್ಡಿಯಂಥ ಆಳು. ವಂಶ ದೊಡ್ಡದು, ಧ್ವನಿ ಸಣ್ಣದು. ಒಂದು ವಸಂತದಲ್ಲಿ ಅವನಿಗೆ ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ ಮುತ್ತಜ್ಜನ ಉಕ್ಕಿನ ಕವಚ ಸಿಕ್ಕಿತು. ಜೊತೆಗೆ ಹಂದಿಮೂತಿಯ ಟೊಪ್ಪಿಗೆ, ಅದಕ್ಕೆರಡು ಕೊಂಬು. ಮನೆಯಲ್ಲಿ ತೊಟ್ಟರೆ ಅಕ್ಕ ಊರ್ಸುಲಾ ಬಿದ್ದು ಬಿದ್ದು ನಗುತ್ತಿದ್ದಳು. ಅದಕ್ಕೇ ಅವನು ಸಂಜೆ ಹೊಳೆದಂಡೆಗೆ ಹೋಗಿ, ಅಲ್ಲೇ ತೊಟ್ಟು, ಕೂಗುತ್ತ ಕತ್ತಿ ಬೀಸುವುದು ಕಲಿಯತೊಡಗಿದ.

ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯುವ ಕಾಸಿಲ್ದಾ ಓಡೋಡಿ ಬಂದಳು.

"ಧಣಿ, ಹೊಳೆ ಹತ್ರ ರಾಕ್ಷಸ! ಕೊಂಬಿದೆ, ಹಂದಿ ಮೂತಿ, ಗುಡುಗಿದ ಹಾಗೆ ಗುಟುರು ಹಾಕುತ್ತೆ!"

"ಯಾವಾಗ?"

"ನಿನ್ನೆ ಸಂಜೆ!"

"ನಿನ್ನೆ ಸಂಜೆ ನಾನೂ ಅಲ್ಲೇ ಇದ್ದೆನಲ್ಲೇ!" ಮೆಲಿತೋನ್ ಎದೆಯುಬ್ಬಿಸಿದ. "ನನಗೆ ಕಾಣಿಸಲೇ ಇಲ್ಲ. ಹೆದರಿ ಬಚ್ಚಿಟ್ಟುಕೊಂಡಿರಬೇಕು ಮುಂಡೇದು."

ಅಂದಿನಿಂದ ದಿನಾ ಕವಚ ತೊಟ್ಟು ರಾಕ್ಷಸನ ಬೇಟೆ. ಅವನು ಹೋದ ಸಂಜೆಯೆಲ್ಲ ರಾಕ್ಷಸನೂ ತಪ್ಪದೆ ಬರುತ್ತಿದ್ದ. ಜ್ವರ ಬಂದು ಅವನು ಮಲಗಿದ ದಿನ ಹೊಳೆ ಶಾಂತ. "ನೋಡಿದ್ಯಾ, ನಾನಿಲ್ಲದಿದ್ರೆ ಅದಕ್ಕೂ ಬೇಜಾರು," ಎಂದು ಅಕ್ಕನಿಗೆ ಹೇಳಿದ.

ಕೊನೆಗೆ ಬಟ್ಟೆ ಒಗೆಯುವ ಹೆಂಗಸರಿಗೇ ರೋಸಿಹೋಯಿತು. ಕಾಸಿಲ್ದಾ ಹಿಂದಿನಿಂದ ರಾಕ್ಷಸನ ಮೇಲೆ ಒದ್ದೆ ಕಂಬಳಿ ಎಸೆದಳು. ಉಳಿದವರು ಬಟ್ಟೆ ಬಡಿಯುವ ಕೊರಡು ಹಿಡಿದು ದಬದಬ ಬಾರಿಸಿದರು. ಒಬ್ಬಳು ಕೊಂಬು ಹಿಡಿದು ಜಗ್ಗಿದಳು. ಟೊಪ್ಪಿಗೆ ಕಿತ್ತು ಬಂತು. ಒಳಗಿಂದ ಟೊಮೇಟೊದಂಥ ಕೆಂಪು ಮುಖ.

"ಅಯ್ಯೋ ದೇವಮಾತೆ! ಮೆಲಿತೋನ್ ಧಣಿ!"

ಅವನು ಅವಳ ಕೈಯಲ್ಲಿದ್ದ ಟೊಪ್ಪಿಗೆಯನ್ನು ನೋಡಿದ, ಹೆಂಗಸರನ್ನು ನೋಡಿದ. ಕಣ್ಣಲ್ಲಿ ನೀರು ಬಂತು.

"ನುಂಗಿಬಿಟ್ಟಿತ್ತು ಕಣ್ರವ್ವಾ! ನನಗೆ ಗೊತ್ತೇ ಆಗಿರಲಿಲ್ಲ. ನೀವಿಲ್ಲದಿದ್ರೆ ಜೀರ್ಣವಾಗಿ ಹೋಗ್ತಿದ್ದೆ!"

ನಗಬೇಕೋ ಇನ್ನೆರಡು ಬಾರಿಸಬೇಕೋ ಹೆಂಗಸರಿಗೆ ತಿಳಿಯಲಿಲ್ಲ. ಅವನು ಕಾಸಿಲ್ದಾಳನ್ನು ಮಂಡಿಯೂರಿಸಿ, ಅವಳ ಕೊರಡನ್ನೇ ಹೆಗಲಿಗೆ ಮುಟ್ಟಿಸಿ, "ಇಂದಿನಿಂದ ನೀನು ವೀರಯೋಧೆ" ಎಂದ. ಆಮೇಲೆ ಅವಳನ್ನು ಧಣಿ ಮನೆತನದವಳಂತೆ ಗೌರವದಿಂದ ದೋನ್ಯಾ ಕಾಸಿಲ್ದಾ ಅನ್ನದಿದ್ದರೆ ಯಾರ ಅಂಗಿಯೂ ಬೆಳ್ಳಗಾಗುತ್ತಿರಲಿಲ್ಲ.

ಮನೆಯಲ್ಲಿ ಊರ್ಸುಲಾ ಅವನ ಬೆನ್ನಿಗೆ ಆಲಿವ್ ಎಣ್ಣೆ ತಿಕ್ಕುತ್ತಿದ್ದಾಗ ಅವನು ಮೆಲ್ಲಗೆ ಹೇಳಿದ: "ಅಕ್ಕಾ, ಅದರ ಹೊಟ್ಟೆಯಲ್ಲಿದ್ದಾಗ ನನ್ನ ಧ್ವನಿ ಎಷ್ಟು ದೊಡ್ಡದಾಗಿ ಕೇಳ್ತಿತ್ತು ಗೊತ್ತಾ?"

"ಗೊತ್ತು ಮಾರಾಯಾ, ಅಡುಗೆಮನೆವರೆಗೂ ಕೇಳ್ತಿತ್ತು. ಆ ಕಡೆ ತಿರುಗು."