ಸ್ವಂತ ಇಚ್ಛೆಯಿಂದ

ಮೊದಲು ಚಪ್ಪಲಿ ಬಿಗಿಯಾಯಿತು. ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್ ದಿನವಿಡೀ ಏಣಿಯ ಮೇಲೆ ನಿಲ್ಲುವವನು. ನಿಂತು ನಿಂತು ಕಾಲು ಊದಿದೆ, ತಾನೇ ಇಳಿಯುತ್ತದೆ ಬಿಡು ಎಂದ. ಆಮೇಲೆ ಮುಖ ಊದಿತು, ಊಟ ಸೇರದಾಯಿತು. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವವಳು. ಅಳತೆ ಟೇಪು ಅವಳ ಕೊರಳಿನಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಬೀದಿಗೆಲ್ಲ ಅವಳು ಟೇಪಕ್ಕ. ಅವಳೇ ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದಳು. ಎರಡೂ ಕಿಡ್ನಿ ಸೋತಿದ್ದವು. ಇನ್ನು ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು, ಅಂದರೆ ಯಂತ್ರದಲ್ಲಿ ರಕ್ತ ತೊಳೆಯಬೇಕು, ಅದೂ ಬದುಕಿರುವವರೆಗೆ ಎಂದರು ಡಾಕ್ಟರು.

ಪಕ್ಕದ ಮನೆಯ ಸಿಸ್ಟರಮ್ಮ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತರಾದವರು. ಸುದ್ದಿ ತಿಳಿದ ಸಂಜೆಯೇ ಬಂದರು.

"ಎಲ್ಲಿ ತೋರಿಸ್ತೀಯೋ ಅದು ನಿನ್ನಿಷ್ಟ. ದೊಡ್ಡಾಸ್ಪತ್ರೇಲಿ ಹೆಸರು ಮಾತ್ರ ನಾಳೆನೇ ಬರೆಸು. ಅಲ್ಲಿ ಯಂತ್ರಕ್ಕೆ ಕಾಯೋರ ಪಟ್ಟಿ ಇದೆ ಕಣೇ. ಬರೆಸಿದ ತಾರೀಖಿಂದಲೇ ಲೆಕ್ಕ."

"ನಮ್ಮಮ್ಮನ್ನ ಅಲ್ಲಿ ಮೂರು ದಿನ ಬರೀ ನೆಲದ ಮೇಲೆ ಮಲಗಿಸಿದ್ರು, ಸಿಸ್ಟರಮ್ಮ. ಇವರನ್ನೂ ಅಲ್ಲಿಗೇ ಕಳಿಸ್ಲಾ?"

ಆ ವಾರ್ಡುಗಳನ್ನು ಸಿಸ್ಟರಮ್ಮ ಕಂಡಿದ್ದರು. ಅದು ಸುಳ್ಳಾಗಿರಲಿಲ್ಲ.

ಕರೆಂಟ್ ಮೀಟರ್ ಓದುವ ಕೆಲಸದ ಮೈದುನನಂತೂ ಅಣ್ಣನೇನು ಅನಾಥನಾ ಎಂದು ಸಿಡುಕಿ, ಮುಖ್ಯರಸ್ತೆಯ ಖಾಸಗಿ ಆಸ್ಪತ್ರೆಗೆ ತಾನೇ ಕರೆದೊಯ್ದ. ಅಲ್ಲಿ ಗಾಜಿನ ಬಾಗಿಲು ತಾನಾಗಿ ತೆರೆಯಿತು. ಕೌಂಟರಿನ ಹುಡುಗಿ ಪೇಂಟರನನ್ನು ಸರ್ ಎಂದು ಕರೆದಳು. ಜೀವಮಾನದಲ್ಲಿ ಅವನನ್ನು ಹಾಗೆ ಕರೆದವರಿರಲಿಲ್ಲ. ಆ ದಿನ ಮನೆಗೆ ಬಂದವನು ಅದನ್ನೇ ಎರಡು ಸಲ ಹೇಳಿ ನಕ್ಕ. ಹೆಸರು ಬರೆಸುವ ಮಾತು ನಾಳೆ, ನಾಡಿದ್ದು ಎಂದು ಮುಂದೆ ಹೋಗಿ ಮರೆತೇ ಹೋಯಿತು.

ಆಸ್ಪತ್ರೆಯ ಖರ್ಚು ಹೊರುತ್ತಿದ್ದ ವಿಮೆಯ ಮಿತಿ ಏಳು ತಿಂಗಳಿಗೆ ಮುಗಿಯಿತು. ಎಂಟನೆಯ ತಿಂಗಳು ಟೇಪಕ್ಕ ತನ್ನ ಎರಡು ಹೊಲಿಗೆ ಯಂತ್ರಗಳಲ್ಲಿ ಒಂದನ್ನು ಮಾರಿದಳು. ಆಮೇಲೆ ಮಾರಲು ಏನೂ ಉಳಿಯಲಿಲ್ಲ. ಅದೇ ಕೌಂಟರಿನ ಹುಡುಗಿ ಅದೇ ಮೆಲುದನಿಯಲ್ಲಿ, ಹಾಗಾದರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲೊಂದು ಸಹಿ ಹಾಕಿ ಎಂದು ಕಾಗದ ಮುಂದಿಟ್ಟಳು. ಟೇಪಕ್ಕನಿಗೆ ಓದಲು ಬರುತ್ತಿತ್ತು. ಆದರೆ ಅಂದು ಗಂಡ ಹಿಂದಿನ ಕುರ್ಚಿಯಲ್ಲಿ ಏದುಸಿರು ಬಿಡುತ್ತಿದ್ದ. ಬೇಗ ಹೊರಟರೆ ಸಾಕೆಂದು ಹುಡುಗಿ ಬೆರಳು ತೋರಿದ ಕಡೆ ಸಹಿ ಹಾಕಿದಳು.

ದೊಡ್ಡಾಸ್ಪತ್ರೆಯ ಡಯಾಲಿಸಿಸ್ ವಾರ್ಡ್ ಅವಳು ಹೆದರಿದಂತೆ ಇರಲಿಲ್ಲ. ನೆಲ ಒರೆಸಿತ್ತು, ಹಾಸಿಗೆಗೆಲ್ಲ ಒಗೆದ ಹೊದಿಕೆ ಇತ್ತು. ಹನ್ನೆರಡು ಯಂತ್ರಗಳಲ್ಲಿ ಒಂಬತ್ತು ಓಡುತ್ತಿದ್ದವು. ಮೂರು ಕೆಟ್ಟು ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿದ್ದವು. ವಾರ್ಡಿನ ಡಾಕ್ಟರಮ್ಮ ಕಾಗದ ಓದಿ ಕನ್ನಡಕ ತೆಗೆದರು. 'ರೋಗಿಯು ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಇಚ್ಛೆಯಿಂದ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದಾರೆ' ಎಂದು ಅದರಲ್ಲಿ ಬರೆದಿತ್ತು. ಇನ್ನೊಂದು ಆಸ್ಪತ್ರೆ ಚಿಕಿತ್ಸೆ ಮುಂದುವರಿಸಲು ಪತ್ರ ಕೊಟ್ಟು ಕಳಿಸಿದವರಿಗೆ ಅಲ್ಲಿ ಬೇರೆ ಸಾಲು. ತಾವಾಗಿ ಬಿಟ್ಟು ಬಂದವರು ಎಲ್ಲರ ಹಿಂದೆ. ಪೇಂಟರನಿಗೆ ಸಿಕ್ಕಿದ್ದು ನಲವತ್ತೊಂದನೆಯ ನಂಬರು.

"ನಾವು ಬಿಟ್ಟು ಬಂದಿಲ್ಲ ಡಾಕ್ಟ್ರೇ. ಅವರೇ ಕಳಿಸಿದ್ದು."

"ನಂಗೆ ಗೊತ್ತಮ್ಮ. ಆದ್ರೆ ಕಾಗದ ಹಾಗೆ ಹೇಳ್ತಿಲ್ಲ. ನಿಮ್ಮನ್ನ ಮೇಲೆ ಹಾಕಿದ್ರೆ ಆ ನಲವತ್ತು ಜನರಲ್ಲಿ ಯಾರನ್ನ ಕೆಳಗೆ ಹಾಕ್ಲಿ? ನೀವೇ ಹೇಳಿ."

ಟೇಪಕ್ಕ ಹೊರಗಿನ ಬೆಂಚುಗಳ ಕಡೆ ನೋಡಿದಳು. ಕಾಲೇಜಿನ ಬ್ಯಾಗು ತಬ್ಬಿಕೊಂಡ ಹುಡುಗಿಯೊಬ್ಬಳು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಗಂಡಸೊಬ್ಬ ಕೂತಿದ್ದರು. ಕಾಗದ ಮಡಚಿಕೊಂಡು ಹೊರಗೆ ಬಂದಳು.

ಚಿಕಿತ್ಸೆ ಮುಂದುವರಿಸಿ ಎಂಬ ಪತ್ರಕ್ಕಾಗಿ ಖಾಸಗಿ ಆಸ್ಪತ್ರೆಗೆ ನಾಲ್ಕು ಸಲ ಅಲೆದಳು. ಸಹಿ ನಿಮ್ಮದೇ ಅಲ್ವಾ ಎಂದರು. ಸಿಸ್ಟರಮ್ಮ ತಮ್ಮ ಹಳೆಯ ಪರಿಚಯದವರನ್ನೆಲ್ಲ ಕಾಡಿ ಬೇಡಿ, ಯಾರಾದರೂ ಬಾರದ ದಿನ ಪೇಂಟರನಿಗೆ ಯಂತ್ರ ಸಿಗುವಂತೆ ಮಾಡಿದರು. ಹತ್ತು ದಿನಕ್ಕೊಮ್ಮೆ ಸಿಕ್ಕರೆ ಪುಣ್ಯ. ಟೇಪಕ್ಕ ದಿನಾ ಹೋಗಿ ನಂಬರು ಕೇಳಿ ಬರುತ್ತಿದ್ದಳು. ಮೂವತ್ತೆಂಟಕ್ಕೆ ಬಂದ ದಿನ ಖುಷಿಯಿಂದ ಓಡಿ ಬಂದು ಗಂಡನಿಗೆ ಹೇಳಿದಳು.

ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ: "ಆ ಮೂರು ಜನಕ್ಕೆ ಏನಾಯ್ತು?"

ಒಬ್ಬರಿಗೆ ಯಂತ್ರ ಸಿಕ್ಕಿತ್ತು. ಇಬ್ಬರು ತೀರಿಕೊಂಡಿದ್ದರು. ಅವಳು ಮಾತು ಮರೆಸಿ ಒಳಗೆ ಹೋದಳು. ಮರುದಿನದಿಂದ ನಂಬರು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಇಪ್ಪತ್ತೊಂಬತ್ತನೆಯ ನಂಬರಿನಲ್ಲಿದ್ದಾಗ ಪೇಂಟರ್ ತೀರಿಕೊಂಡ. ಪಟ್ಟಿಯಿಂದ ಹೆಸರು ತೆಗೆಸಲು ಹೋದ ಟೇಪಕ್ಕ ಗುಮಾಸ್ತನನ್ನು ಒಂದು ಮಾತು ಕೇಳಿದಳು. ಕಾಯಿಲೆ ಗೊತ್ತಾದ ತಿಂಗಳಲ್ಲೇ ಹೆಸರು ಬರೆಸಿದ್ದರೆ ಏನಾಗುತ್ತಿತ್ತು? ಅವನು ರಿಜಿಸ್ಟರ್ ತಿರುವಿ ಆ ಪುಟದ ಮೇಲೆ ಬೆರಳಾಡಿಸಿದ. ಆ ತಿಂಗಳು ಬರೆಸಿದವರಿಗೆಲ್ಲ ಆರನೆಯ ತಿಂಗಳಿಗೇ ಯಂತ್ರ ಸಿಕ್ಕಿತ್ತು. ಸಿಸ್ಟರಮ್ಮ ಇದನ್ನು ಒಂದು ದಿನವೂ ಎತ್ತಿ ಆಡಿರಲಿಲ್ಲ. ಆಡಿದ್ದರೇ ಚೆನ್ನಾಗಿತ್ತು ಎಂದು ಟೇಪಕ್ಕನಿಗೆ ಅನ್ನಿಸಿತು.

ಈ ಕಾಯಿಲೆ ಮನೆತನದಲ್ಲೇ ಬರುವಂಥದ್ದು, ತಮ್ಮನೂ ತೋರಿಸಿಕೊಳ್ಳಲಿ ಎಂದು ಡಾಕ್ಟರಮ್ಮ ಹೇಳಿದ್ದರು. ಮೈದುನ ಪರೀಕ್ಷೆ ಮಾಡಿಸಿದ. ಅವನಿಗೂ ಶುರುವಾಗಿತ್ತು. ವರ್ಷದೊಳಗೆ ಯಂತ್ರ ಬೇಕಾಗಬಹುದು ಎಂದರು. ಅವನು ಮತ್ತದೇ ಖಾಸಗಿ ಆಸ್ಪತ್ರೆಯ ಫೈಲು ಹಿಡಿದು ಬಂದು ಅತ್ತಿಗೆಯ ಎದುರು ಕೂತ.

"ಅತ್ತಿಗೆ, ಆ ಸರ್ಕಾರಿ ಕ್ಯೂನಲ್ಲಿ ನಿಲ್ಲೋಕೆ ನನ್ನ ಕೈಲಾಗಲ್ಲ."

"ನೀನು ನಿಲ್ಬೇಡ, ನಾನು ನಿಲ್ತೀನಿ. ಬಂದು ಹೆಸರು ಹೇಳು ಸಾಕು." ಅವನ ಕೈಯ ಫೈಲು ನೋಡುತ್ತ ಅಂದಳು: "ನಿಮ್ಮಣ್ಣನ್ನ ಸರ್ ಅಂತ ಕರೆದೋರೇ ಕಣೋ, ಸ್ವಂತ ಇಚ್ಛೆಯಿಂದ ಹೋದ ಅಂತ ಬರೆದಿದ್ದು."

ಅವನು ಫೈಲನ್ನು ಪಕ್ಕಕ್ಕಿಟ್ಟ. ಆಮೇಲೆ ಎದ್ದು, ನಡೀರಿ ಎಂದ.

ಹೆಸರು ಬರೆಸಿದ ದಿನವೇ ಟೇಪಕ್ಕ ಬೆಂಚಿನ ಮೇಲೆ ಕಾಯುತ್ತಿದ್ದವರ ಜೊತೆ ಕೂತು, ಆ ಮೂರು ಯಂತ್ರ ಕೆಟ್ಟು ಎಷ್ಟು ದಿನವಾಯಿತು ಎಂದು ವಿಚಾರಿಸಿದಳು. ಹದಿನಾಲ್ಕು ತಿಂಗಳು. ಯಾರೂ ಲಿಖಿತವಾಗಿ ಕೇಳಿರಲಿಲ್ಲ. ಪಟ್ಟಿಯ ಮೇಲಿನವರನ್ನು ಕೆಳಗಿನವರು ದಿಟ್ಟಿಸುವುದರಲ್ಲೇ ಎಲ್ಲರ ಕಾಲ ಕಳೆದಿತ್ತು. ಸಿಸ್ಟರಮ್ಮ ಅರ್ಜಿ ಬರೆದರು, ಬೆಂಚಿನಲ್ಲಿದ್ದವರೆಲ್ಲ ಸಹಿ ಹಾಕಿದರು. ಆಸ್ಪತ್ರೆಯ ಕಚೇರಿಗೆ ಮೂರು ಸಲ ಹೋಗಿ ಬಂದ ಮೇಲೆ ಒಂದು ಯಂತ್ರ ರಿಪೇರಿಯಾಯಿತು. ಒಂದು ಬೆಲ್ಟು, ಒಂದು ಪಂಪು, ಅರ್ಧ ದಿನದ ಕೆಲಸ. ಅದನ್ನು ನೋಡುತ್ತ ನಿಂತ ಟೇಪಕ್ಕನಿಗೆ ಸಂತೋಷವಾಗಲಿಲ್ಲ, ಮೈಯೆಲ್ಲ ಉರಿಯಿತು. ಇನ್ನೆರಡು ಇವತ್ತಿಗೂ ಬಟ್ಟೆ ಹೊದ್ದು ನಿಂತಿವೆ. ಅವಳು ಪ್ರತಿ ಸೋಮವಾರ ಹೋಗಿ ಕೇಳುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ದೊಡ್ಡ ಕಾಯಿಲೆ ಬಂದರೆ ಎಲ್ಲಿ ಬೇಕಾದರೂ ತೋರಿಸಿ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯುವ ಪಟ್ಟಿ ಇದೆಯೇ ಎಂದು ಮೊದಲ ದಿನವೇ ವಿಚಾರಿಸಿ ಹೆಸರು ಬರೆಸಿ, ತಾರೀಖಿರುವ ಚೀಟಿ ಕೇಳಿ ಪಡೆಯಿರಿ. ಆಸ್ಪತ್ರೆ ಬಿಡುವಾಗ ಕೊಟ್ಟ ಕಾಗದವನ್ನು ಓದದೆ, ಓದಿಸಿಕೊಳ್ಳದೆ ಸಹಿ ಹಾಕಬೇಡಿ. ನಡೆದದ್ದು ಬೇರೆ, ಬರೆದದ್ದು ಬೇರೆ ಆಗಿದ್ದರೆ ತಿದ್ದಿಸಿ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಕೆಟ್ಟು ನಿಂತ ಯಂತ್ರ ಎಷ್ಟು ಎಂದು ಒಟ್ಟಾಗಿ ಹೋಗಿ ಕೇಳಿ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ ಕೇಳಿ. ನಮ್ಮ ನಂಬರು ಮುಂದೆ ಬರಲು ಇನ್ನೊಬ್ಬರು ಸಾಯುವುದನ್ನು ಕಾಯುವ ಗತಿ ಯಾರ ಮನೆಗೂ ಬರಬಾರದು.