ಒಟ್ಟಿಗೆ ಹೋಗುವವರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಅಂಗಡಿಯವರೆಲ್ಲ ಹೇಳುತ್ತಾರೆ. ಹೇಳಲಿ. ಬೆಳಗಿನಿಂದ ಸಂಜೆಯವರೆಗೆ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಪ್ಯಾಂಟು ಮೊಟಕು ಮಾಡುವ ಕೆಲಸ ನನ್ನದು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಇರಬೇಕು, ಬಾಯಿ ತೆರೆದರೆ ಉದುರುತ್ತವೆ. ಹಾಗಾಗಿ ದಿನವಿಡೀ ಮಾತಿಲ್ಲ. ಮನೆಗೆ ಹೋದರೆ ಅಲ್ಲೂ ಇಲ್ಲ. ಮದುವೆಯ ಗೋಜಿಗೆ ಹೋಗದೆ ಅಮ್ಮನನ್ನು ನೋಡಿಕೊಂಡಿದ್ದೆ. ಅಮ್ಮ ಹೋಗಿ ವರ್ಷಗಳೇ ಆದವು. ಒಳಗೆ ಕೂಡಿಟ್ಟ ಮಾತು ಕೋಪವಾಗದೆ ಇನ್ನೇನಾಗುತ್ತದೆ ಹೇಳಿ.

ಬಸ್ ಸ್ಟಾಪಿನಿಂದ ನಮ್ಮ ಮನೆಯ ಕಡೆ ಬರುವ ದಾರಿಯಲ್ಲಿ ಮುಚ್ಚಿಹೋದ ಗೋದಾಮಿನ ಉದ್ದನೆಯ ಗೋಡೆಯಿದೆ. ಗೋಡೆ ಶುರುವಾಗುವ ಮೂಲೆಯಲ್ಲಿ ಪೊಲೀಸ್ ಚೌಕಿ. ಅಲ್ಲಿ ಇಬ್ಬರು ಇರುತ್ತಿದ್ದರು. ಒಬ್ಬ ಪೇಪರ್ ಓದುತ್ತಿದ್ದ, ಇನ್ನೊಬ್ಬ ಅವನು ಓದಿ ಮುಗಿಸುವುದನ್ನೇ ಕಾಯುತ್ತಿದ್ದ. ಇವರಿಂದ ಯಾರಿಗೆ ಏನು ಉಪಯೋಗ ಎಂದು ನಾವೆಲ್ಲ ನಗುತ್ತಿದ್ದೆವು. ಸಿಬ್ಬಂದಿ ಸಾಲದು ಎಂದು ಅವರಿಬ್ಬರನ್ನೂ ದೊಡ್ಡ ಠಾಣೆಗೆ ಕರೆಸಿಕೊಂಡು ಚೌಕಿಗೆ ಬೀಗ ಜಡಿದರು. ಆಗ ಗೊತ್ತಾಯಿತು ಉಪಯೋಗ. ಮೊದಲು ಬೀದಿದೀಪಗಳು ಒಡೆದವು. ಆಮೇಲೆ ಬೈಕುಗಳು ಕಳುವಾದವು. ಆಮೇಲೆ ಒಂದು ಸಂಜೆ ನನ್ನ ಬ್ಯಾಗು.

ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಕೈ ಹಾಕಿದ. ನಾನು ಬಿಡುತ್ತೇನೆಯೇ? ಬಿಡಲಿಲ್ಲ, ಅದಕ್ಕೇ ಮೊಣಕಾಲು ತರಚಿಹೋಯಿತು. ಠಾಣೆಗೆ ಕುಂಟಿಕೊಂಡು ಹೋದರೆ, "ಬ್ಯಾಗಲ್ಲಿ ಬೆಲೆ ಬಾಳೋದು ಏನಿತ್ತಮ್ಮಾ?" ಎಂದು ಕೇಳಿದರು.

"ನನ್ನ ಕತ್ತರಿ," ಎಂದೆ.

"ಕತ್ತರೀನಾ?" ಎಂದು ಬರೆಯುತ್ತಿದ್ದವನು ಪಕ್ಕದವನ ಮುಖ ನೋಡಿ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತರಿ ಕೈಗೆ ಒಗ್ಗಬೇಕಾದರೆ ಎಷ್ಟು ವರ್ಷ ಬೇಕು ಎಂದು ಆ ಮಹಾಶಯನಿಗೇನು ಗೊತ್ತು?

ಮರುದಿನ ಸಂಜೆ ಬಸ್ಸಿಳಿದು ನಿಂತೆ. ಕಾಲು ಮುಂದೆ ಹೋಗಲೊಲ್ಲದು. ಗೋಡೆಯ ಕಡೆ ನೋಡಿದರೆ ಕತ್ತಲೆ. ಅದೇ ಬಸ್ಸಿನಿಂದ ಇಳಿದ ನಮ್ಮ ಬೀದಿಯ ಟ್ಯೂಷನ್ ಮೇಷ್ಟ್ರು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು, "ನಿಮ್ಮದೇನಾ ಬ್ಯಾಗು ಹೋಗಿದ್ದು? ಬನ್ನಿ, ಒಟ್ಟಿಗೆ ಹೋಗೋಣ. ನನಗೂ ಒಬ್ಬನೇ ಹೋಗೋಕೆ ಧೈರ್ಯ ಇಲ್ಲ," ಎಂದರು. ಅಷ್ಟರಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಓಡಿಬಂದು, "ನಾನೂ ಬರ್ತೀನಿ ಅಕ್ಕಾ," ಎಂದು ನನ್ನ ತೋಳು ಹಿಡಿದುಕೊಂಡಳು. ಎರಡು ದಿನದ ಮೇಲೆ ಪ್ರಿಂಟಿಂಗ್ ಪ್ರೆಸ್ಸಿನವನೊಬ್ಬ ಸೇರಿಕೊಂಡ. ಮಾತೂ ಅವಸರ, ನಡಿಗೆಯೂ ಅವಸರ, ಚಪ್ಪಲಿ ಅದಲುಬದಲಾದರೂ ಗೊತ್ತಾಗದ ಆಸಾಮಿ. ಅವನಿಗೆ ಗಡಿಬಿಡಿ ಎಂದು ನಾನೇ ಹೆಸರಿಟ್ಟೆ.

ಹೀಗೆ ನಾಲ್ವರಾದೆವು. ಎಲ್ಲರೂ ಬರುವವರೆಗೆ ಯಾರೂ ಹೊರಡಬಾರದು ಎಂಬುದು ಮೇಷ್ಟ್ರ ಕಾನೂನು. ಒಂದು ದಿನ ಗಿರಾಕಿಯೊಬ್ಬ ಕೊನೇ ಗಳಿಗೆಯಲ್ಲಿ ಕೋಟು ತಂದು ಸತಾಯಿಸಿದ, ನಾನು ಬರುವುದು ಬಹಳ ತಡವಾಯಿತು. ಎಲ್ಲರೂ ಹೋಗಿರುತ್ತಾರೆ ಎಂದುಕೊಂಡು ಇಳಿದರೆ ಮೂವರೂ ಬೆಂಚಿನ ಮೇಲೆ ಕೂತಿದ್ದಾರೆ! "ಏನಕ್ಕಾ ಇಷ್ಟೊತ್ತು, ನಮ್ಮ ಜೀವ ಬಾಯಿಗೆ ಬಂದಿತ್ತು," ಎಂದು ಹುಡುಗಿ ಬೈದಳು. ನನ್ನನ್ನು ಯಾರಾದರೂ ಹಾಗೆ ಬೈದು ಅದೆಷ್ಟು ಕಾಲವಾಗಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮಪ್ಪನ ಮನೆ ಬಸ್ಸಾ, ಕರೆದಾಗ ಬರೋಕೆ?" ಎಂದು ತಿರುಗಿ ಬೈದೆ.

ದಾರಿಯುದ್ದಕ್ಕೂ ಮಾತೇ ಮಾತು. ದಿನವಿಡೀ ಸೂಜಿಯ ಹಿಂದೆ ಕಾದಿದ್ದ ಮಾತೆಲ್ಲ ಆ ಗೋಡೆಯ ಪಕ್ಕ ಸುರಿಯುತ್ತಿತ್ತು. ಸೊಂಟದ ಅಳತೆ ಕೇಳಿದರೆ ಉಸಿರು ಬಿಗಿಹಿಡಿದು ಸುಳ್ಳು ಹೇಳುವ ಗಂಡಸರ ಕತೆ ಹೇಳಿದರೆ ಮೇಷ್ಟ್ರು ಕೆಮ್ಮು ಬರುವವರೆಗೆ ನಗುತ್ತಿದ್ದರು. "ಅಕ್ಕಾ, ನಿಮ್ಮ ಬಾಯಿಗೆ ಹೆದರಿಯೇ ಕಳ್ಳರು ಈ ಕಡೆ ತಲೆ ಹಾಕ್ತಿಲ್ಲ," ಎಂದು ಗಡಿಬಿಡಿ ರೇಗಿಸುತ್ತಿದ್ದ. ನನ್ನ ಮನೆ ಎಲ್ಲಕ್ಕಿಂತ ಕೊನೆಯದು. ನನ್ನನ್ನು ಬಿಟ್ಟು ಅವರು ಒಂದಿಷ್ಟು ಹಿಂದಕ್ಕೆ ನಡೆಯಬೇಕಿತ್ತು. ಆದರೂ ನಾನು ಒಳಗೆ ಹೋಗಿ ದೀಪ ಹಾಕುವವರೆಗೆ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ನಾನೋ, ಕತ್ತಲಲ್ಲೇ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ತಡ ಮಾಡುತ್ತಿದ್ದೆ. ಹೊರಗೆ ಮೂರು ಜನ ನನಗಾಗಿ ನಿಂತಿದ್ದಾರೆ ಎಂಬುದು ಇನ್ನೊಂದು ಚೂರು ಹೊತ್ತು ಇರಲಿ ಎಂದು.

ನಿಜ ಹೇಳುತ್ತೇನೆ, ಆ ಬೈಕಿನ ಕಳ್ಳರಿಗೆ ನಾನು ಮನಸ್ಸಿನಲ್ಲೇ ದೊಡ್ಡದೊಂದು ನಮಸ್ಕಾರ ಹಾಕಿದ್ದೆ.

ಆಮೇಲೆ ಒಂದು ರಜಾದಿನ, ಮಟಮಟ ಮಧ್ಯಾಹ್ನ, ಹುಡುಗಿ ಹಾಲು ತರಲು ಒಬ್ಬಳೇ ಹೋದಳು. ಗೋಡೆಯ ಹತ್ತಿರ ಯಾರೋ ಫೋನು ಕಿತ್ತುಕೊಂಡು ಅವಳನ್ನು ನೂಕಿದರು. ಬಿದ್ದ ರಭಸಕ್ಕೆ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಬೀದಿಯವರೆಲ್ಲ ಬಾಯಿ ಬಾಯಿ ಬಡಿದುಕೊಂಡು, ಚೌಕಿ ತೆರೆಯಲೇಬೇಕು ಎಂದು ಹಟ ಹಿಡಿದ ಮೇಲೆ ಠಾಣೆಯ ದೊಡ್ಡ ಸಾಹೇಬರು ನಮ್ಮ ಬೀದಿಯ ಶಾಲೆಯ ಹಾಲ್‌ನಲ್ಲಿ ಸಭೆ ಕರೆದರು.

ಮಕ್ಕಳ ಬೆಂಚುಗಳು, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಸಾಹೇಬರು ಒರಟರೇನಲ್ಲ. ಎಲ್ಲರ ದೂರೂ ಕೇಳಿಸಿಕೊಂಡರು. ಕೊನೆಗೆ ನಮ್ಮ ಕಡೆ ತಿರುಗಿ, "ನೀವು ನಾಲ್ಕು ಜನ ಒಟ್ಟಿಗೆ ಹೋಗ್ತೀರಂತಲ್ಲ, ಬಹಳ ಒಳ್ಳೇ ಕೆಲಸ. ಅಲ್ಲಿಂದೀಚೆಗೆ ಸಂಜೆ ಹೊತ್ತು ಆ ರಸ್ತೇಲಿ ಒಂದು ಕೇಸೂ ಇಲ್ಲ. ಇದನ್ನೇ ಎಲ್ಲರೂ ಮಾಡಿದ್ರೆ ಚೌಕಿ ಯಾಕೆ ಬೇಕು ಹೇಳಿ? ನನ್ನ ಹತ್ತಿರಾನೂ ಜನ ಇಲ್ಲ. ಹೀಗೇ ಮುಂದುವರಿಸಿ," ಎಂದರು. ಹಿಂದೆ ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಮೇಷ್ಟ್ರು ನನ್ನ ಕಡೆ ಬಗ್ಗಿ, "ಅಕ್ಕಾ, ಏಳಿ. ನೀವು ಮಾತಾಡಿದ್ರೆ ಅವರು ಇಲ್ಲ ಅನ್ನೋಕಾಗಲ್ಲ," ಎಂದು ಪಿಸುಗುಟ್ಟಿದರು. ಗಡಿಬಿಡಿಯೂ ಕಣ್ಣಲ್ಲೇ ಏಳಿ ಎಂದ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ಬ್ಯಾಗು ಮೊದಲು ಹೋದದ್ದು ನನ್ನದು, ಬಾಯಿ ಜೋರಿರುವುದೂ ನನ್ನದೇ.

ನಾನು ಏಳಲಿಲ್ಲ. ಚೌಕಿ ತೆರೆದರೆ ಬಸ್ ಸ್ಟಾಪಿನ ಬೆಂಚಿನ ಮೇಲೆ ನನಗಾಗಿ ಯಾರು ಕಾಯುತ್ತಾರೆ? ನಾನು ಸುಮ್ಮನೆ ಕೂತರೆ ಸಾಕಿತ್ತು. ಸಾಹೇಬರು ಎದ್ದು ಹೋಗುತ್ತಿದ್ದರು. ನಾಳೆ ಸಂಜೆ ಮತ್ತೆ ಮೂವರೂ ಅಲ್ಲಿರುತ್ತಿದ್ದರು, ನಾಡಿದ್ದೂ ಇರುತ್ತಿದ್ದರು. ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ. ಅಕ್ಕನಿಗೆ ಇವತ್ತು ಮೈ ಸರಿಯಿಲ್ಲ ಎಂದುಕೊಳ್ಳುತ್ತಿದ್ದರು, ಅಷ್ಟೇ.

ಪಕ್ಕದಲ್ಲಿ ಹುಡುಗಿ ನೀರಿನ ಬಾಟಲಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಮುಚ್ಚಳ ತಿರುಗಿಸುತ್ತಿದ್ದಳು. ಬರುತ್ತಿರಲಿಲ್ಲ. ಯಾರನ್ನೂ ಕೇಳದೆ ಮತ್ತೆ ಮತ್ತೆ ತಿರುಗಿಸುತ್ತಿದ್ದಳು. ನಾನು ಬಾಟಲಿ ಕಿತ್ತುಕೊಂಡು, ಮುಚ್ಚಳ ತೆಗೆದು ಅವಳ ಕೈಗಿಟ್ಟು ಎದ್ದು ನಿಂತೆ.

"ಸಾರ್, ಸಂಜೆ ನಾವು ನಾಲ್ಕು ಜನ. ಸರಿ. ಬೆಳಗ್ಗೆ ಯಾರು? ಮಧ್ಯಾಹ್ನ ಯಾರು? ಈ ಹುಡುಗಿ ಹಾಲಿಗೆ ಹೋಗಬೇಕಾದ್ರೆ ಮೇಷ್ಟ್ರನ್ನ ನಿದ್ದೆಯಿಂದ ಎಬ್ಬಿಸಬೇಕಾ? ನಿಮ್ಮ ಕೆಲಸ ನಾವು ಮಾಡಿ, ನೀವು ಬಂದು ಶಹಬ್ಬಾಸ್ ಅಂದು ಹೋಗ್ತೀರಾ? ಚೆನ್ನಾಗಿದೆ! ನಾವು ಒಟ್ಟಿಗೆ ಹೋಗ್ತಿರೋದು ಖುಷಿಗಲ್ಲ ಸಾರ್, ಹೆದರಿಕೆಗೆ."

ಖುಷಿಗಲ್ಲ ಎನ್ನುವಾಗ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಹೆದರಿದ್ದಾಳಲ್ಲ ಪಾಪ ಎಂದು ಎಲ್ಲರೂ ತಿಳಿದರು. ಸಾಹೇಬರ ಮುಖವೂ ಸಣ್ಣದಾಯಿತು. ಮುಂದಿನ ತಿಂಗಳು ಚೌಕಿಯ ಬೀಗ ತೆಗೆದರು, ಸುಣ್ಣ ಬಳಿದರು, ಗೋಡೆಯುದ್ದಕ್ಕೂ ಹೊಸ ದೀಪ ಹಾಕಿದರು. ಬೀದಿಯವರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಯಾರೂ ಕೆಟ್ಟವರಲ್ಲ. ಮೇಷ್ಟ್ರು ಮಂಡಿನೋವೆಂದು ಪಾಠವನ್ನು ಬೇಗ ಮುಗಿಸಿ ಮುಂಚಿನ ಬಸ್ಸಿಗೇ ಬರತೊಡಗಿದರು. ಗಡಿಬಿಡಿ ಮೊದಲೇ ಗಡಿಬಿಡಿ, ಕಾಯುವ ಕಾನೂನು ಹೋದ ಮೇಲೆ ಹಿಡಿಯುವವರು ಯಾರು? ಹುಡುಗಿ ಕೊನೆಯವರೆಗೂ ಇದ್ದಳು. ಒಂದು ಸಂಜೆ ಅವಳೂ, "ಅಕ್ಕಾ, ಕೈ ವಾಸಿಯಾಯ್ತಲ್ಲ, ಸೈಕಲ್ ತಗೊಂಡೆ. ನಿಮಗೂ ಇನ್ನೇನು ಭಯ ಇಲ್ಲವಲ್ಲ?" ಎಂದಳು. "ನನಗೆಂಥ ಭಯ! ಹೋಗೇ," ಎಂದೆ. ಒಂದು ದಿನ ಎಲ್ಲರೂ ಮನೆಗೆ ಬನ್ನಿ ಎಂದು ಮೂವರಿಗೂ ಬೇರೆ ಬೇರೆಯಾಗಿ ಹೇಳಿದೆ. ಖಂಡಿತ ಬರ್ತೀವಿ ಎಂದರು. ಬಿಡುವಾಗಿಲ್ಲ ಪಾಪ.

ನಿನ್ನೆ ಬಸ್ಸಿಳಿದೆ. ಬೆಂಚು ಖಾಲಿ. ಹೊಸ ದೀಪಗಳ ಕೆಳಗೆ ರಸ್ತೆ ತೊಳೆದಿಟ್ಟ ಹಾಗಿತ್ತು. ಚೌಕಿಯ ಮುಂದೆ ಕುರ್ಚಿ ಹಾಕಿಕೊಂಡು ಎಳೆಯ ವಯಸ್ಸಿನ ಕಾನ್‌ಸ್ಟೇಬಲ್ ಕೂತಿದ್ದ. ಅವನ ಮುಂದೆ ಹೋಗಿ ನಿಂತೆ.

"ಒಂದು ಸ್ವಲ್ಪ ಮನೆವರೆಗೆ ಬರ್ತೀಯೇನಪ್ಪಾ?" ಎಂದೆ.

ಅವನು ಗಾಬರಿಯಿಂದ ಎದ್ದ. "ಯಾಕಮ್ಮಾ? ಯಾರಾದ್ರೂ ಹಿಂದೆ ಬಿದ್ದಿದ್ದಾರಾ?"

"ಇಲ್ಲ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲಪ್ಪಾ."

ಅವನು ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದ. "ಮತ್ತೆ ಹೆದರಿಕೆ ಯಾಕಮ್ಮಾ? ನೋಡಿ, ರಸ್ತೇಲಿ ಯಾರೂ ಇಲ್ಲ."

"ಅದೇ ಕಣಪ್ಪಾ," ಎಂದೆ. "ಯಾರೂ ಇಲ್ಲ."

ಅವನಿಗೆ ಅರ್ಥವಾಗಲಿಲ್ಲ. ಒಳ್ಳೆಯ ಹುಡುಗ, ನಗುತ್ತಲೇ ಮತ್ತೆ ಕೂತ. "ಧೈರ್ಯವಾಗಿ ಹೋಗಿ ಅಮ್ಮಾ. ನಾನು ಇಲ್ಲೇ ಇರ್ತೀನಿ," ಎಂದ.

ಅವನು ಅಲ್ಲೇ ಇದ್ದ. ನಾನು ಮನೆಗೆ ಹೋದೆ.