ಮಗ್ಗುಲು ಬದಲಿಸದ ಕೆರೆ

ಹೆಪ್ಪುಗಟ್ಟಿದ ಕೆರೆಯ ಮೇಲೆ ಏಳನೆಯ ತೂತು ಕೊರೆದು ಬೈರಿಗೆಯನ್ನು ಮೇಲಕ್ಕೆಳೆದಾಗ ಅದರ ಹಿಂದೆಯೇ ಒಂದು ಮೀನು ತೇಲಿಬಂತು. ಅಂಗೈ ಅಗಲದ್ದು, ಹೊಟ್ಟೆ ಮೇಲಾಗಿತ್ತು. ಗೇಣಪ್ಪ ಅದನ್ನು ಬೂಟಿನ ತುದಿಯಿಂದ ಪಕ್ಕದ ಹಿಮದೊಳಗೆ ತಳ್ಳಬೇಕೆನ್ನುವಷ್ಟರಲ್ಲಿ ನೀರಿನ ಮೇಡಂ ನೋಡಿಯೇಬಿಟ್ಟಳು.

"ಮುಚ್ಚಬೇಡಿ ಮಾಮ. ಇಲ್ಲಿ ಕೊಡಿ."

ಕೊಟ್ಟ. ಅವಳು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಏಳು ಎಂದು ಬರೆದಳು. ಆರನೆಯ ತೂತಿನದೂ ಐದನೆಯದೂ ಆಗಲೇ ಅವಳ ಡಬ್ಬಿಯಲ್ಲಿದ್ದವು.

ಗೇಣಪ್ಪನಿಗೆ ಹೆತ್ತವರು ಇಟ್ಟ ಹೆಸರು ಪುರಸಭೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮೂವತ್ತೊಂದು ಚಳಿಗಾಲಗಳಿಂದ ಅವನ ಕೆಲಸ ಒಂದೇ. ಕೆರೆ ಹೆಪ್ಪುಗಟ್ಟಿದ ದಿನದಿಂದ ಕರಗುವ ದಿನದವರೆಗೆ, ಬೆಳಗಾಗುತ್ತಲೇ ಹನ್ನೆರಡು ಕಡೆ ತೂತು ಕೊರೆದು ಮಂಜುಗಡ್ಡೆಯ ದಪ್ಪ ನೋಡುವುದು, ದಡದ ಕಂಬಕ್ಕೆ ಹಸಿರು ಬಾವುಟವನ್ನೋ ಕೆಂಪು ಬಾವುಟವನ್ನೋ ಏರಿಸುವುದು. ಪುರಸಭೆ ಕೊಟ್ಟ ಅಳತೆಪಟ್ಟಿ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತ ತುಕ್ಕು ಹಿಡಿದಿತ್ತು. ಅವನು ಕೈಗವಸು ಕಳಚಿ, ತೋಳು ಮಡಚಿ, ತೂತಿನೊಳಗೆ ಕೈಬಿಟ್ಟು ಗೇಣಿನಲ್ಲೇ ಅಳೆಯುವವನು. ಗೇಣು ತುಂಬಿದರೆ ಹಸಿರು. ಅದಕ್ಕೆ ಒಂದು ಬೆರಳು ಕಡಿಮೆಯಾದರೂ ಕೆಂಪು, ಯಾರಪ್ಪ ಬಂದು ಹೇಳಿದರೂ ಕೆಂಪೇ. ಸ್ಕೇಟಿಂಗ್‌ಗೆ ಬರುವವರು, ತೂತಿನ ಮುಂದೆ ಸ್ಟೂಲು ಹಾಕಿಕೊಂಡು ಗಾಳ ಬಿಡುವವರು, ಮಕ್ಕಳನ್ನು ಜಾರುಬಂಡಿಯಲ್ಲಿ ಎಳೆದು ತರುವವರು, ಎಲ್ಲರೂ ಮೊದಲು ಕಂಬದ ಕಡೆ ನೋಡಿ ಆಮೇಲೆ ಮೆಟ್ಟಿಲಿಳಿಯುತ್ತಿದ್ದರು. ಆ ನಂಬಿಕೆ ಅವನ ಆಸ್ತಿ.

ನೀರಿನ ಮೇಡಂ ಅಂದರೆ ಹೊರಗಿನವಳೇನಲ್ಲ. ಇದೇ ಕೆರೆಯ ಮೇಲೆ, ಇದೇ ಗೇಣಪ್ಪನ ಪೊರಕೆಯ ಇನ್ನೊಂದು ತುದಿ ಹಿಡಿದು ಸ್ಕೇಟಿಂಗ್ ಕಲಿತವಳು. ಬಿದ್ದು ಹಲ್ಲು ಮುರಿದುಕೊಂಡಾಗ ಹಿಮದಲ್ಲಿ ಹುಡುಕಿ ಹಲ್ಲನ್ನು ಕೈಗೆ ಕೊಟ್ಟವನೂ ಅವನೇ. ಈಗ ನೀರು ಪರೀಕ್ಷೆಯ ಇಲಾಖೆಯಲ್ಲಿ ದೊಡ್ಡ ಹುದ್ದೆ. ಆದರೂ ಮಾಮ ಅನ್ನುವುದನ್ನು ಬಿಟ್ಟಿಲ್ಲ.

ಅವಳು ಉದ್ದನೆಯ ದಾರ ಕಟ್ಟಿದ ಬಾಟಲಿಯನ್ನು ತಳದವರೆಗೆ ಇಳಿಸಿ, ಎಳೆದು, ಮೀಟರಿನ ಕಡ್ಡಿಯನ್ನು ಅದ್ದಿದಳು. ಸಂಖ್ಯೆ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು.

"ಮಾಮ, ಪ್ರತಿ ವಸಂತದಲ್ಲಿ ಕೆರೆ ಮಗ್ಗುಲು ಬದಲಿಸುತ್ತೆ ಅಂತ ನೀವೇ ನನಗೆ ಹೇಳಿಕೊಟ್ಟಿದ್ದು. ನೆನಪಿದೆಯಾ?"

"ಇಲ್ಲದೆ ಏನು. ಗಡ್ಡೆ ಕರಗಿದ ಮೇಲೆ ಒಂದು ದಿನ ಗಾಳಿ ಜೋರಾಗಿ ಬರುತ್ತೆ. ತಳದ ನೀರು ಮೇಲೆ, ಮೇಲಿಂದು ತಳಕ್ಕೆ. ಒಂಥರಾ ಕೆಸರು ವಾಸನೆ ಬರುತ್ತೆ. ಹಳೇ ಪೆಟ್ಟಿಗೆ ತೆಗೆದ ಹಾಗೆ."

"ಹೋದ ವರ್ಷ ಬಂತಾ?"

ಗೇಣಪ್ಪ ಬೈರಿಗೆಯ ಮೇಲಿನ ಗಡ್ಡೆಪುಡಿಯನ್ನು ಕೊಡವುತ್ತ ನಿಂತ. ಬಂದಿರಲಿಲ್ಲ. ಮೂರು ವಾರ ದಡದಲ್ಲಿ ಮೂಗೆತ್ತಿಕೊಂಡು ಓಡಾಡಿದ್ದ. ಕೊನೆಗೆ, ನೆಗಡಿ ಇರಬೇಕು, ವಯಸ್ಸಾಯಿತು, ಮೂಗೂ ಮುಷ್ಕರ ಹೂಡಿದೆ ಅಂದುಕೊಂಡು ಸುಮ್ಮನಾಗಿದ್ದ.

"ಸರಿಯಾಗಿ ಗಮನಿಸಲಿಲ್ಲ ಕಣಮ್ಮ" ಅಂದ.

"ಬಂದಿರಲ್ಲ. ಉಪ್ಪು ನೀರು ಭಾರ, ತಳ ಹಿಡಿದು ಕೂತಿದೆ. ಎಂಥ ಗಾಳಿ ಬಂದ್ರೂ ಏಳಲ್ಲ. ಮೇಲಿನ ಗಾಳಿ ತಳಕ್ಕೆ ಇಳಿಯದೆ ಕೆಳಗಿರೋದೆಲ್ಲ ಸಾಯ್ತಿದೆ. ಗಡ್ಡೆ ಕಟ್ಟದ ಹಾಗೆ ಮೆಟ್ಟಿಲಿಗೆ ವಾರಕ್ಕೆ ಎಷ್ಟು ಚೀಲ ಉಪ್ಪು ಹಾಕ್ತೀರಿ?"

"ಎರಡು."

ಬಾಯಿಂದ ಹೊರಬಿದ್ದ ಮೇಲೆ ಅದು ಸುಳ್ಳೆಂದು ಅವನಿಗೇ ಗೊತ್ತಾದದ್ದು. ಎರಡು ಚೀಲ ಪುರಸಭೆಯದು. ಉಳಿದ ನಾಲ್ಕು, ರಸ್ತೆಗೆ ಉಪ್ಪು ಎರಚುವ ಲಾರಿಯವನು ವಾರದ ಕೊನೆಗೆ ತಂದು ಸುರಿದು ಹೋಗುವಂಥದ್ದು. "ತಗೊಳ್ಳಿ ಅಣ್ಣ, ವಾಪಸ್ ಒಯ್ದರೆ ಇದನ್ನೂ ನಾನೇ ಇಳಿಸಬೇಕು" ಅನ್ನುತ್ತಿದ್ದ ಆ ಸೋಮಾರಿ, ಒಳ್ಳೆಯ ಮನುಷ್ಯ.

"ಎರಡರಿಂದ ಇಷ್ಟಾಗಲ್ಲ" ಎಂದು ಅವಳು ತಲೆಯಾಡಿಸಿದಳು. "ಹಾಗಾದ್ರೆ ಲಾರಿಯವನದ್ದೇ. ದಡದ ರಸ್ತೆಗೆ ಮನಸ್ಸಿಗೆ ಬಂದಷ್ಟು ಸುರೀತಿದ್ದಾನೆ. ಅವನ ಮೇಲೆ ಬರೀಬೇಕಾಗುತ್ತೆ ಮಾಮ. ಕೆಲಸ ಉಳಿಯೋದು ಕಷ್ಟ."

ಗೇಣಪ್ಪ ಉಳಿದ ಐದು ತೂತುಗಳನ್ನು ಕೊರೆದ. ಎಂದೂ ಇಲ್ಲದ ಆಯಾಸವಾಯಿತು. ಹನ್ನೆರಡನೆಯದು ಮೆಟ್ಟಿಲಿನ ಬುಡದಲ್ಲಿ. ಅಲ್ಲಿ ಗಡ್ಡೆ ಮೂರು ವರ್ಷದಿಂದ ಗಟ್ಟಿಯಾಗುತ್ತಲೇ ಇರಲಿಲ್ಲ. ಜನ ದಾಟಲೆಂದು ಅವನು ಹಲಗೆ ಹಾಸಿದ್ದ. ಕೇಳಿದವರಿಗೆ, ಅಲ್ಲಿ ಬಿಸಿಲು ಹೆಚ್ಚು ಬೀಳುತ್ತೆ ಅನ್ನುತ್ತಿದ್ದ. ಮೇಡಂ ಹಲಗೆ ನೋಡಿದಳು, ಮೋಡ ಮುಚ್ಚಿದ ಆಕಾಶ ನೋಡಿದಳು.

ನಲವತ್ತೆರಡು ಮೆಟ್ಟಿಲು. ಮೇಲಿನ ಮೆಟ್ಟಿಲಿಗೆ ಅಂಟಿಕೊಂಡಂತೆ ಅವನ ಮನೆ. ಹನ್ನೊಂದು ವರ್ಷದ ಹಿಂದೆ ಆರನೆಯ ಮೆಟ್ಟಿಲಿನಲ್ಲಿ ಅವನ ಹೆಂಡತಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಅಂದಿನಿಂದ ಅವನು ಉಪ್ಪು ಎರಚುವಾಗ ಕೈ ಹಿಡಿದವನಲ್ಲ. ಮೆಟ್ಟಿಲು, ಕಾಲುದಾರಿ, ಗಾಡಿ ನಿಲ್ಲಿಸುವ ಜಾಗ, ಎಲ್ಲವೂ ಬಿಳಿ. ಈ ಹನ್ನೊಂದು ವರ್ಷದಲ್ಲಿ ಅಲ್ಲಿ ಒಬ್ಬರಾದರೂ ಬಿದ್ದದ್ದಿಲ್ಲ. ಪುರಸಭೆಯವರು ಅದಕ್ಕೊಂದು ಶಾಲು ಹೊದಿಸಿ ಫೋಟೋ ತೆಗೆಸಿದ್ದರು. ಫೋಟೋ ಅಡುಗೆಮನೆಯ ಗೋಡೆಯ ಮೇಲಿತ್ತು.

"ಬಾಮ್ಮ, ಒಂದು ಟೀ ಕುಡಿದು ಹೋಗು" ಅಂದಳು ಹೆಂಡತಿ, ಕಿಟಕಿಯ ಪಕ್ಕದ ಕುರ್ಚಿಯಿಂದ ಕೋಲೂರಿ ಏಳುತ್ತ. ದಿನದ ಅರ್ಧ ಅವಳು ಕಳೆಯುವುದು ಆ ಕುರ್ಚಿಯಲ್ಲೇ. ಅಲ್ಲಿಂದ ಮೆಟ್ಟಿಲು, ಕಂಬ, ಕೆರೆ ಎಲ್ಲ ಕಾಣುತ್ತದೆ.

ಮೂವರೂ ಮೇಜಿನ ಸುತ್ತ ಕೂತರು. ಮೇಡಂ ಒಂದು ಗುಟುಕು ಕುಡಿದವಳು ಲೋಟವನ್ನು ಕೆಳಗಿಟ್ಟಳು. ನಾಲಿಗೆಯಿಂದ ಹಲ್ಲು ಸವರಿಕೊಂಡಳು.

"ಅತ್ತೆ, ನೀರು ಎಲ್ಲಿಂದು?"

"ಹಿತ್ತಲ ಬಾವಿದು. ಇನ್ನೆಲ್ಲಿಂದು?"

"ಒಂದು ಲೋಟ ಬರೀ ನೀರು ಕೊಡಿ."

ಹೆಂಡತಿ ಕೊಟ್ಟಳು. ಮೇಡಂ ಚೀಲದಿಂದ ಮೀಟರು ತೆಗೆದು ಲೋಟಕ್ಕೆ ಅದ್ದಿದಳು. ಸಂಖ್ಯೆ ಓಡಿ ಓಡಿ ನಿಂತಿತು. ಅವಳು ಅದನ್ನು ಯಾರಿಗೂ ತೋರಿಸಲಿಲ್ಲ. ಕಿಟಕಿಯಾಚೆಯ ಬಿಳಿ ಮೆಟ್ಟಿಲುಗಳನ್ನು ನೋಡಿದಳು, ಅಷ್ಟೇ. ಬಾವಿಗೆ ರಸ್ತೆ ದೂರ, ನಡುವೆ ದಿಬ್ಬ ಬೇರೆ. ಲಾರಿಯ ಉಪ್ಪು ದಿಬ್ಬ ಹತ್ತಿ ಇಳಿದು ಬರುವುದಿಲ್ಲ.

"ಮಿಷನ್ ಏನು ಹೇಳ್ತು?" ಹೆಂಡತಿಯೇ ಕೇಳಿದಳು. "ನಂಗೆ ಸೋಪು ನೊರೆ ಬಿಡದೆ ಇದ್ದಾಗಲೇ ಗೊತ್ತಾಯ್ತು. ಅಡುಗೆಗೆ ಉಪ್ಪು ಅರ್ಧ ಮಾಡಿ ಮೂರು ವರ್ಷ ಆಯ್ತು. ಇವರಿಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ರುಚಿಯಾಗಿದೆ ಅಂತ ಬಡಿಸಿಕೊಂಡು ಉಣ್ತಾರೆ."

ಅವಳದು ಸದಾ ಇದ್ದ ತಮಾಷೆಯ ದನಿ. ಗೇಣಪ್ಪನಿಗೆ ಮಾತ್ರ ನಗು ಬರಲಿಲ್ಲ. ಟೀ ಲೋಟ ಎತ್ತಿ ಒಂದು ಗುಟುಕು ಬಾಯಲ್ಲಿ ಹಿಡಿದು ನೋಡಿದ. ಏನೂ ತಿಳಿಯಲಿಲ್ಲ. ಇನ್ನೊಂದು ಗುಟುಕು ಕುಡಿದ. ತನ್ನ ಕೈಯಿಂದ ಎರಚಿದ್ದು ದಿನಾ ತನ್ನ ಹೊಟ್ಟೆಗೇ ಇಳಿಯುತ್ತಿದ್ದರೂ ನಾಲಿಗೆಗೆ ಗೊತ್ತಾಗಿಲ್ಲ. ಅವಳಿಗೆ ಗೊತ್ತಾಗಿದೆ, ಮೂರು ವರ್ಷ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿದ್ದಾಳೆ.

"ಎರಡಲ್ಲ" ಅಂದ. ಲೋಟ ಕೆಳಗಿಟ್ಟ. ಮೇಡಂ ಕಡೆ ತಿರುಗಿದ. "ಎರಡು ಚೀಲ ಅಲ್ಲ ಕಣಮ್ಮ, ಆರು. ಹನ್ನೊಂದು ವರ್ಷದಿಂದ ಆರು. ಲಾರಿಯವನ ಮೇಲೆ ಬರೀಬೇಡ. ಅವನು ಉಳಿದದ್ದನ್ನ ಕೊಟ್ಟ. ಕೆರೆಗೆ ಹಾಕಿದವನು ನಾನು."

ಮೇಡಂ ಪುಸ್ತಕ ಬಿಡಿಸಿ, ಲಾರಿಯವನ ಬಗ್ಗೆ ಬರೆದಿದ್ದ ಸಾಲನ್ನು ಹೊಡೆದುಹಾಕಿ, ಹೊಸದಾಗಿ ಬರೆದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಇವತ್ತೇ ನಿಲ್ಲಿಸಿಬಿಡ್ತೀನಿ" ಅಂದ. "ನಿಲ್ಲಿಸಿದರೆ ಸರಿಹೋಗುತ್ತಲ್ಲ?"

"ಇನ್ನು ಮೇಲೆ ಹಾಕದೆ ಇರಬಹುದು. ಹಾಕಿದ್ದನ್ನ ಹೊರಗೆ ತೆಗೆಯೋಕೆ ಆಗಲ್ಲ ಮಾಮ. ಅದಕ್ಕೇ ಬೇಜಾರು. ಈ ಕೆರೆಗೆ ಹೊರಗೆ ಹರಿದು ಹೋಗೋ ದಾರಿನೂ ಇಲ್ಲ. ಮಳೆ ಬಂದು ಬಂದು ತಿಳಿಯಾಗಬೇಕು. ಹತ್ತು ವರ್ಷ, ಹದಿನೈದು ವರ್ಷ."

ಗೇಣಪ್ಪನಿಗೆ ಆಗ ಅರವತ್ತಮೂರು. ಅವನು ಲೆಕ್ಕ ಹಾಕಿದ್ದು ಮುಖದಲ್ಲೇ ಕಂಡಿರಬೇಕು. ಮೇಡಂ ಎದ್ದು ಅವನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟಳು. ಟೀಯನ್ನು ಪೂರ್ತಿ ಕುಡಿದು, ಡಬ್ಬಿ ಎತ್ತಿಕೊಂಡು ಹೋದಳು.

ಬಾಗಿಲು ಮುಚ್ಚಿ ಬಂದು ಅವನು ಕುರ್ಚಿಯಲ್ಲಿ ಕುಸಿದ. "ಮೂರು ವರ್ಷ. ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳಲಿ ರೀ. ಬೆಳಗಾದ್ರೆ ಒಂದೊಂದು ಮೆಟ್ಟಿಲಿಗೂ ಬಗ್ಗಿ ಬಗ್ಗಿ ಎರಚ್ತೀರಿ, ಮಗುಗೆ ಹೊದಿಸೋರ ಹಾಗೆ. ನನಗೋಸ್ಕರ ಅಂತ ಗೊತ್ತಿತ್ತು. ಬೇಡ ಅನ್ನೋಕೆ ಬಾಯಿ ಬರಲಿಲ್ಲ."

"ಇನ್ನು ಉಪ್ಪಿಲ್ಲದೆ ನೀನು ಹೇಗೆ ಇಳೀತೀಯ?"

ಅವಳು ಅವನನ್ನು ಆಶ್ಚರ್ಯದಿಂದ ನೋಡಿದಳು. "ಉಪ್ಪಿದ್ದಾಗ ನಾನು ಯಾವತ್ತು ಇಳಿದೆ?"

ಗೇಣಪ್ಪ ನೆನಪು ಮಾಡಿಕೊಂಡ. ಸೊಂಟ ಕೂಡಿದ ವರ್ಷ ಇಳಿದಿರಬೇಕು. ಇಲ್ಲ. ಅದರ ಮರುವರ್ಷ? ಇಲ್ಲ. ಅಂಗಡಿಗೆ, ಆಸ್ಪತ್ರೆಗೆ, ತಂಗಿಯ ಮನೆಗೆ, ಎಲ್ಲಕ್ಕೂ ಹೋಗಿದ್ದು ಮುಂಬಾಗಿಲಿನ ದಾರಿಯಿಂದ. ಕೆರೆಯ ಕಡೆಗೆ ಒಂದು ಮೆಟ್ಟಿಲೂ ಇಳಿದಿಲ್ಲ. ಹನ್ನೊಂದು ವರ್ಷ ಅವನು ಯಾರಿಗಾಗಿ ಉಪ್ಪು ಹಾಸಿದನೋ ಅವಳು ಅದರ ಮೇಲೆ ಕಾಲೇ ಇಟ್ಟಿರಲಿಲ್ಲ, ಮತ್ತು ಅವನು ಅದನ್ನು ನೋಡಿಯೇ ಇರಲಿಲ್ಲ.

"ಜಾರೋದಕ್ಕೆ ಅಷ್ಟು ಹೆದರಿಕೆಯಾ?"

"ಜಾರೋದಕ್ಕಲ್ಲ." ಅವಳು ಲೋಟಗಳನ್ನು ಒಂದರೊಳಗೊಂದು ಇಟ್ಟಳು. "ಅವತ್ತು ಕೈ ಕೊಡಿ ಅಂದೆ. ನೀವು ಮುಂದೆ ಹೋಗ್ತಾನೇ ಇದ್ರಿ. ಬಾ ಬಾ, ಏನಾಗಲ್ಲ, ಬಾವುಟಕ್ಕೆ ಹೊತ್ತಾಯ್ತು ಅಂದ್ರಿ. ನೆನಪಿಲ್ಲ ಅಂತ ಕಾಣುತ್ತೆ."

ನೆನಪಿತ್ತು. ಮರೆತದ್ದೇ ಇಲ್ಲ. ಅವಳಿಗೆ ನೆನಪಿಲ್ಲ ಎಂದುಕೊಂಡಿದ್ದ. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅವಳು ಆರನೆಯ ಮೆಟ್ಟಿಲಿನಲ್ಲಿ ಗಡ್ಡೆ ಕಟ್ಟಿತ್ತು ಅಂತ ಮಾತ್ರ ಹೇಳಿದ್ದಳು. ಅವನೂ ಅದನ್ನೇ ಹೇಳಿದ್ದ. ಹೇಳಿ ಹೇಳಿ ತಪ್ಪೆಲ್ಲ ಮೆಟ್ಟಿಲಿನದೇ ಆಗಿಬಿಟ್ಟಿತ್ತು.

ಆ ಚಳಿಗಾಲದ ಉಳಿದ ದಿನಗಳಲ್ಲಿ ಮೆಟ್ಟಿಲಿಗೆ ಮರಳು ಬಿತ್ತು. ಬೆಳಗ್ಗೆ ಎದ್ದು ಉಳಿ ಸುತ್ತಿಗೆ ಹಿಡಿದು ಗಡ್ಡೆ ಒಡೆಯುವಾಗ ಅವನ ಬೆನ್ನು ಬಿಲ್ಲಾಗುತ್ತಿತ್ತು. ಇಬ್ಬರು ಜಾರಿ ಬಿದ್ದರು. ಒಬ್ಬಾಕೆಯ ಮಣಿಕಟ್ಟು ಉಳುಕಿತು. ಪುರಸಭೆಗೆ ದೂರು ಹೋಯಿತು. "ಗೇಣಪ್ಪನಿಗೆ ವಯಸ್ಸಾಯ್ತು, ಬೇರೆಯವರನ್ನ ನೋಡಬೇಕು" ಎಂದು ಗಾಳ ಹಾಕುವವರು ಅವನಿಗೆ ಕೇಳಿಸುವಂತೆಯೇ ಮಾತಾಡಿಕೊಂಡರು. ಅವನು ಹಲಗೆ ಹಾಸಿದ ಜಾಗದಲ್ಲಿ ಕೆಂಪು ಬಾವುಟ ನೆಟ್ಟು, ಆಚೆ ಬದಿಯಿಂದ ಸುತ್ತಿ ಬರಲು ಹೇಳಿದ. ಗೋಡೆಯ ಫೋಟೋವನ್ನು ತಾನೇ ಇಳಿಸಿದ. ಅಲ್ಲಿ ಒಂದು ಬಿಳಿ ಚೌಕ ಉಳಿಯಿತು.

ಗಡ್ಡೆ ಕರಗಿತು. ಎರಡು ವಾರ ಕೆರೆ ಸುಮ್ಮನೆ ಮಲಗಿತ್ತು. ಒಂದು ಮಧ್ಯಾಹ್ನ ಗಾಳಿ ಎದ್ದು ಕಿಟಕಿ ಬಡಿಯತೊಡಗಿತು. ಗೇಣಪ್ಪ ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದವನು ಹಿಂದಿರುಗಿ ಬಂದ. ಕಿಟಕಿಯ ಕುರ್ಚಿಯ ಮುಂದೆ ನಿಂತ. ಕೈ ಚಾಚಿದ.

ಅವಳು ಆ ಕೈಯನ್ನು ನೋಡಿದಳು. ಚಳಿಗೆ ಬಿರಿದು ಒರಟಾದ, ಊರೆಲ್ಲ ನಂಬಿದ ಆ ಗೇಣು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಎದ್ದಳು.

ನಲವತ್ತೆರಡು ಮೆಟ್ಟಿಲು ಇಳಿಯಲು ತುಂಬ ಹೊತ್ತು ಹಿಡಿಯಿತು. ಆರನೆಯದರಲ್ಲಿ ಅವಳು ನಿಂತಳು. ಅವನೂ ನಿಂತ. ಬಿಸಿಲಿಗೆ ಒಣಗಿದ ಕಲ್ಲು, ಜಾರಲು ಅಲ್ಲಿ ಏನೂ ಇರಲಿಲ್ಲ. "ನಡೀರಿ" ಅಂದಳು. ಇಳಿದರು.

ದಡದ ಹಲಗೆಯ ಮೇಲೆ ಕೂತರು. ಗಾಳಿ ಕೆರೆಯ ಮೇಲೆ ಸಾಲು ಸಾಲಾಗಿ ಅಲೆಗಳನ್ನು ತಂದು ಅವರ ಕಾಲ ಬುಡಕ್ಕೆ ಬಡಿಯುತ್ತಿತ್ತು. ಗೇಣಪ್ಪ ಮೂಗೆತ್ತಿ ಉಸಿರೆಳೆದುಕೊಂಡ. ಒದ್ದೆ ಮರದ ವಾಸನೆ, ಅವಳು ತಲೆಗೆ ಹಚ್ಚಿದ ಎಣ್ಣೆಯ ವಾಸನೆ.

"ಬಂತಾ?" ಅಂದಳು.

"ಇಲ್ಲ."

ಮತ್ತೊಂದು ಸಲ ಗಾಳಿ ಬೀಸಿತು. ಅವನು ಮತ್ತೆ ಉಸಿರೆಳೆದ. ತಲೆಯಾಡಿಸಿದ.

"ಇನ್ನೊಂದು ಸ್ವಲ್ಪ ಹೊತ್ತು ಕೂರೋಣ" ಅಂದಳು ಅವಳು. ಮೆಟ್ಟಿಲುಗಳು ಮುಗಿದು ಎಷ್ಟೋ ಹೊತ್ತಾಗಿದ್ದರೂ ಅವನು ಹಿಡಿದ ಕೈಯನ್ನು ಬಿಟ್ಟಿರಲಿಲ್ಲ.